ಎಡಗೈಯ ಸುತ್ತು

ಮೂರನೆಯ ಸುತ್ತು ಬಿಚ್ಚುವಾಗಲೇ ನಾಗರತ್ನಾಳ ಬೆರಳಿಗೆ ತಿಳಿಯಿತು, ಈ ದಾರವನ್ನು ಉಲ್ಟಾ ಸುತ್ತಿದ್ದಾರೆ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಬಿಚ್ಚಿದ, ಮೀನಿನ ಗಾಳಕ್ಕೆ ಕಟ್ಟುವ ಗರಿಯ ನೊಣಗಳಿಗೆ ಲೆಕ್ಕವಿಲ್ಲ. ಅವೆಲ್ಲ ಕಟ್ಟುವವರಿಂದ ಆಚೆಗೆ ಸುತ್ತಿದವು. ಇದೊಂದು ಮಾತ್ರ ಈಚೆಗೆ ಸುತ್ತಿಕೊಂಡು ಬಂದಿತ್ತು. ಅಭ್ಯಾಸಬಲದಿಂದ ಕೈ ತಪ್ಪು ದಿಕ್ಕಿಗೆ ಹೋಗಿ ದಾರ ಎರಡು ಸಲ ಜಾರಿತು. "ಯಾರವ್ವ ನೀ, ಹಿಂಗ ಸುತ್ತೀದಿ?" ಎಂದು ಅವಳು ಗಾಳವನ್ನೇ ಕೇಳಿದಳು. ಪಕ್ಕದ ಕುರ್ಚಿ ಖಾಲಿಯಿತ್ತು. ಅಲ್ಲಿ ಕೂರುವ ರಸೂಲಬಿ ತಂಗಿಯ ಮಗಳ ನಿಶ್ಚಯಕ್ಕೆಂದು ಆವತ್ತು ಬ್ಯಾಡಗಿಗೆ ಹೋಗಿದ್ದಳು.

ರಾಣೆಬೆನ್ನೂರಿನ ಬೀಜದ ಕಂಪನಿಗಳ ಗೋದಾಮುಗಳನ್ನು ದಾಟಿದರೆ ಮನೋಹರನ ತಗಡಿನ ಶೆಡ್ ಸಿಗುತ್ತದೆ. ಅಲ್ಲಿ ಹನ್ನೆರಡು ಹೆಂಗಸರು ಜೋಳದ ಕಾಳಿಗಿಂತ ಸಣ್ಣ ಗಾಳಗಳಿಗೆ ಹುಂಜದ ಗರಿ, ಮೊಲದ ತುಪ್ಪಳ, ಬಣ್ಣದ ದಾರ ಸುತ್ತಿ ನೊಣ ಮಾಡುತ್ತಾರೆ. ಮನೋಹರ ಹರೆಯದಲ್ಲಿ ಕೊಲ್ಕತ್ತಾಕ್ಕೆ ಹೋಗಿ ಈ ಕೆಲಸ ಕಲಿತು ಬಂದವನು. ದೂರದ ದೇಶದ ಹೊಳೆಗಳಲ್ಲಿ ಇದನ್ನು ನೀರಿನ ಮೇಲೆ ಎಸೆದರೆ ಮೀನು ನಿಜವಾದ ನೊಣವೆಂದು ನಂಬಿ ಹಾರಿ ಕಚ್ಚುತ್ತದಂತೆ. ಹಿಡಿದವರು ಅದನ್ನು ಒಂದು ಗಳಿಗೆ ನೋಡಿ ಮತ್ತೆ ನೀರಿಗೇ ಬಿಡುತ್ತಾರಂತೆ. ಮೊದಲನೆಯ ಮಾತನ್ನು ಹೆಂಗಸರು ಒಪ್ಪಿದ್ದಾರೆ, ಎರಡನೆಯದನ್ನು ಇಂದಿಗೂ ಯಾರೂ ಪೂರ್ತಿ ನಂಬಿಲ್ಲ. ಕೆಲಸವಿಲ್ಲದೆ ಕೂತವರಿಗೆ ನೊಣ ಹೊಡೆಯುತ್ತಾರೆ ಎನ್ನುವ ಸೀಮೆಯಲ್ಲಿ ನೊಣ ಕಟ್ಟುವವರು ಎಷ್ಟು ಮಾತು ಕೇಳಿರಬೇಡ! ಮೇಡ್ಲೇರಿ ಬಸ್ಸಿನ ಕಂಡಕ್ಟರ್ ನಾಗರತ್ನಾಳನ್ನು ಕಂಡಾಗಲೆಲ್ಲ, "ಏನಬೇ, ಇವತ್ತ ಎಷ್ಟು ನೊಣ ಬಿದ್ದುವು?" ಎಂದು ಕೇಳುತ್ತಾನೆ.

ಹೊಸ ಮಾದರಿ ಬಂದರೆ ಅದರ ಚಿತ್ರ ನೋಡಿ ಕಲಿಯುವ ಪದ್ಧತಿ ಆ ಶೆಡ್ಡಿನಲ್ಲಿಲ್ಲ. ಮಾದರಿಯನ್ನು ಬಿಚ್ಚಬೇಕು. ತಲೆಯ ಗಂಟಿನಿಂದ ಶುರುಮಾಡಿ, ಒಂದೊಂದೇ ಸುತ್ತು ಹಿಂದಕ್ಕೆ ಬಿಡಿಸಿ, ಗರಿ, ತುಪ್ಪಳ, ದಾರಗಳನ್ನು ಬಿಳಿ ಕಾಗದದ ಮೇಲೆ ಬಂದ ಕ್ರಮದಲ್ಲೇ ಸಾಲಾಗಿಡಬೇಕು. ಮತ್ತೆ ಬಲಗಡೆಯಿಂದ ಎಡಕ್ಕೆ ಎತ್ತಿಕೊಳ್ಳುತ್ತ ಮೊದಲಿದ್ದ ಹಾಗೆಯೇ ಕಟ್ಟಬೇಕು. ಹಾಗೆ ಬಿಚ್ಚಿ ಕಟ್ಟುವ ಅಧಿಕಾರ ನಾಗರತ್ನಾಳೊಬ್ಬಳದು. ಅವಳು ತಿರುಗಿ ಕಟ್ಟಿದ್ದನ್ನು ಮನೋಹರ ಭೂತಗನ್ನಡಿ ಹಿಡಿದು ನೋಡಿದರೂ ಬಿಚ್ಚಿದ ಸುಳಿವು ಸಿಗುತ್ತಿರಲಿಲ್ಲ. ಈ ವಿಷಯದಲ್ಲಿ ಅವಳಿಗೆ ಸಣ್ಣದೊಂದು ಜಂಭವೂ ಇತ್ತು, ಇದ್ದರೆ ತಪ್ಪೇನೂ ಇಲ್ಲ.

ಆದರೆ ಈಗೊಂದು ವರ್ಷದಿಂದ ಕಣ್ಣು ಅವಳ ಮಾತು ಕೇಳುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಕಣ್ಣಿನ ಪರದೆಗೆ ಇಳಿದಿದೆ, ಹೋದದ್ದು ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಎಂದು ಹಾವೇರಿಯ ಕಣ್ಣಿನ ಡಾಕ್ಟರು ಹೇಳಿದ್ದರು. ಯಾವುದನ್ನೇ ನೋಡಲಿ, ಅಂಚು ಕಾಣುತ್ತಿತ್ತು, ನಡುವೆ ಮಸುಕು. ಇದು ಗೊತ್ತಿದ್ದದ್ದು ರಸೂಲಬಿಗೆ ಮಾತ್ರ. ಅವಳು ದಿನಾ ಬೆಳಿಗ್ಗೆ ನಾಗರತ್ನಾಳ ಮುಂದೆ ದಾರದ ಉಂಡೆಗಳನ್ನು ಸಾಲಾಗಿಟ್ಟು, "ಕರೀದು, ಕಂದು, ಹಸರು, ಬಂಗಾರ" ಎಂದು ಪಿಸುಗುಟ್ಟಿ, ಪೊಟ್ಟಣಗಳ ಮೇಲಿನ ಚೀಟಿ ಓದಿ ಹೇಳಿ ತನ್ನ ಕೆಲಸಕ್ಕೆ ಕೂರುತ್ತಿದ್ದಳು. ಉಳಿದದ್ದನ್ನು ಬೆರಳು ನೋಡಿಕೊಳ್ಳುತ್ತಿತ್ತು. ಗುಟ್ಟು ಹೊರಬಿದ್ದರೆ ಈ ಕುರ್ಚಿ ಹೋಗುತ್ತದೆ ಎಂಬ ಭಯ ನಾಗರತ್ನಾಳಿಗೆ ರೊಟ್ಟಿ ಮುರಿಯುವಾಗಲೂ ಇರುತ್ತಿತ್ತು.

ಆವತ್ತು ಮನೋಹರ ಗಾಳದ ಪಾರ್ಸೆಲ್ ಬಿಡಿಸಿಕೊಳ್ಳಲು ಹುಬ್ಬಳ್ಳಿಗೆ ಹೋಗಿದ್ದ. ಹೋಗುವ ಮುಂಚೆ ಹೊಸ ಮಾದರಿಯ ಪೊಟ್ಟಣವನ್ನು ಅವಳ ಮೇಜಿನ ಮೇಲಿಟ್ಟಿದ್ದ. ಪೊಟ್ಟಣದ ಮೇಲೆ ಏನೋ ಕೆಂಪಗೆ ಬರೆದದ್ದು ಅವಳಿಗೆ ಕಂಡಿತ್ತು. ಎಂದಿನಂತೆ ಮಾದರಿಯ ನಂಬರ್ ಇರಬೇಕು ಅಂದುಕೊಂಡಳು. ಬೇರೆ ಯಾರನ್ನಾದರೂ ಓದು ಎಂದರೆ, ನಿನಗೇನಾಗಿದೆ ಎಂದು ಕೇಳುತ್ತಾರೆ. ಅದಕ್ಕೇ ಕೇಳಲಿಲ್ಲ.

ಬಿಚ್ಚುತ್ತ ಹೋದಂತೆ ಅವಳಿಗೆ ನಗು ಬರತೊಡಗಿತು. ತಲೆಗೆ ಒಂದು ಗಂಟು ಸಾಕಾಗಿತ್ತು, ಇಲ್ಲಿ ಮೂರು ಹಾಕಿದ್ದರು, ಅದೂ ಒಂದರ ಮೇಲೊಂದು. ವಾರ್ನಿಶ್ ಹಚ್ಚಿರಲೇ ಇಲ್ಲ. ಗರಿಯನ್ನು ಸುತ್ತುವಾಗ ಒಂದು ಕಡೆ ಅದರ ಎಳೆಗಳು ದಾರದಡಿ ಸಿಕ್ಕಿ ಮಲಗಿದ್ದವು. ಮೈಮೇಲೆ ಹೊಳೆಯುವ ಎಳೆ ಸುತ್ತಿದ್ದನ್ನು ಜರಿ ಎಂದುಕೊಂಡಿದ್ದಳು. ಬಿಡಿಸಿ ಬೆರಳ ನಡುವೆ ಎಳೆದಾಗ ಅದು ಕೂದಲು ಎಂದು ಗೊತ್ತಾಯಿತು. ಮನುಷ್ಯರ ಕೂದಲು, ಬಹಳ ನವಿರು. ಎಳೆಯ ಮಕ್ಕಳ ತಲೆಯದ್ದಲ್ಲದೆ ಅಷ್ಟು ನವಿರು ಇರುವುದಿಲ್ಲ.

"ಸಣ್ಣಾಕಿ ಅದಾಳ. ಮ್ಯಾಲ ಎಡಚಿ," ಎಂದಳು ತನ್ನಷ್ಟಕ್ಕೆ. ದಾರ ಅಗ್ಗದ್ದು. ಎರಡು ಕಡೆ ಹರಿದು ಮೂರು ತುಂಡಾಯಿತು. ತುಂಡಾದರೆ ಹೊಸ ದಾರದಲ್ಲಿ ಕಟ್ಟಿದರಾಯಿತು ಎಂದು ಅವಳು ಅದನ್ನು ದೊಡ್ಡ ವಿಷಯ ಮಾಡಲಿಲ್ಲ. ಊಟದ ಗಂಟೆಯ ಹೊತ್ತಿಗೆ ಗಾಳವನ್ನು ಕಚ್ಚಿ ಹಿಡಿಯುವ ವೈಸಿನಲ್ಲಿ ಬರಿಯ ಗಾಳ ಉಳಿದಿತ್ತು, ಕಾಗದದ ಮೇಲೆ ಉಳಿದದ್ದೆಲ್ಲ ಸಾಲಾಗಿತ್ತು. ಬಹಳ ದಿನಗಳ ಮೇಲೆ ಅವಳಿಗೆ ಕೆಲಸದಲ್ಲಿ ಖುಷಿಯಾಗಿತ್ತು.

ನಾಲ್ಕು ಗಂಟೆಗೆ ಮನೋಹರ ಬಂದ. ಬಂದವನು ಪಾರ್ಸೆಲ್ ಇಳಿಸುವುದನ್ನೂ ಮರೆತು ಅವಳ ಮೇಜಿನೆದುರು ನಿಂತ. ಕಾಗದದ ಮೇಲಿದ್ದುದನ್ನು ನೋಡಿದ, ಗಾಳ ನೋಡಿದ, ಅವಳನ್ನು ನೋಡಿದ.

"ಅಕ್ಕಾರ, ಬಿಚ್ಚಿದ್ರೇನು?"

"ಹೌದ್ರಿ ಅಣ್ಣಾರ. ದಿನಾ ಬಿಚ್ಚೂದಲ್ಲೇನು."

"ಬಿಚ್ಚಬ್ಯಾಡ್ರಿ ಅಂತ ಬರದಿದ್ನಲ್ಲರಿ! ಕೆಂಪು ಪೆನ್ನಿಲೆ, ಇಷ್ಟ ದೊಡ್ಡ ಅಕ್ಷರದಾಗ!"

ಅವನು ಕೂಗಲಿಲ್ಲ. ಕೂಗುವ ಮನುಷ್ಯನೇ ಅಲ್ಲ ಅವನು. ಕುರ್ಚಿ ಎಳೆದು ಕೂತು, ಫೋನಿನಲ್ಲಿದ್ದ ಪತ್ರವನ್ನು ಒಂದೊಂದೇ ಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದ. ಬರೆದವನು ಸ್ಕಾಟ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಗಾಳ, ಕೋಲುಗಳ ಅಂಗಡಿ ಇಟ್ಟವನು, ಹಳೆಯ ಗಿರಾಕಿ. ಅವನ ಮಗಳು ಐಲಾ ಹೋದ ಚಳಿಗಾಲದಲ್ಲಿ ತೀರಿಹೋಗಿದ್ದಳು. ಹನ್ನೊಂದು ವರ್ಷ. ಇದು ಅವಳೇ ಯೋಚಿಸಿ ಕಟ್ಟಿದ ನೊಣ, ಅವಳು ಕಟ್ಟಿದ್ದರಲ್ಲಿ ಉಳಿದದ್ದು ಇದೊಂದೇ. ಇದರಂತೆಯೇ ಐವತ್ತು ಡಜನ್ ಕಟ್ಟಿಕೊಡಿ, ಅವಳ ಹೆಸರಿನಲ್ಲಿ ಮಾರುತ್ತೇನೆ. ಚಿತ್ರದಲ್ಲಿ ಬಣ್ಣ ಸರಿಯಾಗಿ ಬರುವುದಿಲ್ಲವೆಂದು ನಿಜವಾದದ್ದನ್ನೇ ಕಳಿಸುತ್ತಿದ್ದೇನೆ. ದಯವಿಟ್ಟು ಬಿಚ್ಚಬೇಡಿ, ನೋಡಿಕೊಂಡು ಹಾಗೆಯೇ ವಾಪಸು ಕಳಿಸಿ.

ಶೆಡ್ಡಿನಲ್ಲಿ ಉಳಿದವರ ಕೈಗಳೂ ನಿಂತಿದ್ದವು. ನಾಗರತ್ನಾ ಕಾಗದದ ಮೇಲಿನ ಕೂದಲಿನ ಕಡೆ ತಿರುಗಿದಳು. ಅದರ ನಡುಭಾಗ ಕಾಣುತ್ತಿರಲಿಲ್ಲ. ಮುಟ್ಟಲು ಹೋದ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಬೆಳಿಗ್ಗೆ ಇದನ್ನೇ ಎಳೆದೆಳೆದು ನೋಡಿ ನಕ್ಕಿದ್ದಳು.

"ಚೀಟಿ ನೋಡಲಿಲ್ರಿ," ಎಂದಳು. ಕಾಣಲಿಲ್ಲ ಎನ್ನಬೇಕಿತ್ತು. ಬಾಯಿಗೆ ಬರಲಿಲ್ಲ.

"ಹೆಂಗರ ಮಾಡಿ ಕಟ್ಟಿಬಿಡ್ರಿ ಅಕ್ಕಾರ. ನಿಮ್ಮ ಕೈಲೆ ಆಕ್ಕೈತಿ. ನನ್ನ ಹಂತೇಕ ಫೋಟೊ ಐತಿ," ಎಂದು ಮನೋಹರ ಎದ್ದ.

ಮೇಡ್ಲೇರಿಯ ಮನೆಯಲ್ಲಿ ಅತ್ತೆ ಹೊಳಿಯವ್ವ ಅಂಗಳದಲ್ಲಿ ಕೂತು ಮೀನು ಹಸನು ಮಾಡುತ್ತಿದ್ದಳು. ಎಪ್ಪತ್ತು ದಾಟಿದರೂ ಗುತ್ತಲದ ಸಂತೆಗೆ ಮೀನಿನ ಬುಟ್ಟಿ ಹೊತ್ತು ಹೋಗುವುದನ್ನು ಬಿಟ್ಟವಳಲ್ಲ. ಸೊಸೆ ಕಟ್ಟುವ ನೊಣಗಳ ಬಗ್ಗೆ ಅವಳಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ನಮ್ಮ ಹೊಳೆಯ ಮೀನು ಎರೆಹುಳ ತಿನ್ನುತ್ತವೆ, ಹಿಟ್ಟಿನ ಉಂಡೆ ತಿನ್ನುತ್ತವೆ, ಪುಕ್ಕ ತಿನ್ನುವಷ್ಟು ಬರಗೆಟ್ಟಿಲ್ಲ ಎನ್ನುತ್ತಿದ್ದಳು. ಆ ಸಂಜೆ ಮಾತ್ರ ಅವಳು ಕೀಟಲೆ ಮಾಡಲಿಲ್ಲ.

"ಯಾಕ, ಮಾರಿ ಸಣ್ಣದು ಮಾಡ್ಕೊಂಡು ಬಂದೀದಿ?"

ನಾಗರತ್ನಾ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅತ್ತುಬಿಟ್ಟಳು. ಹೊಳಿಯವ್ವ ಕೈ ತೊಳೆದುಕೊಂಡು ಬಂದು ಬಾಗಿಲ ಪಕ್ಕದ ಗೋಡೆಗೆ ಒರಗಿದಳು. ಆ ಗೋಡೆಯ ಗೂಟಕ್ಕೆ ಹುಲಿಗೇಶನ ಬಲೆ ತೂಗುಹಾಕಿತ್ತು. ಹುಲಿಗೇಶ ಅವಳ ಮಗ, ನಾಗರತ್ನಾಳ ಗಂಡ. ಎಂಟು ವರ್ಷದ ಹಿಂದೆ ಕಾಮಾಲೆಯಾಗಿ ಹೋದ. ಹರಿದ ಬಲೆಯನ್ನು ಹೆಣೆಯುತ್ತ ಕೂತವನು ಮೈಯಲ್ಲಿ ಹುಷಾರಿಲ್ಲವೆಂದು ಅರ್ಧಕ್ಕೆ ಬಿಟ್ಟು ಎದ್ದಿದ್ದ. ಆಮೇಲೆ ಅದನ್ನು ನೀರಿಗೆ ಒಯ್ದವರಿಲ್ಲ.

"ನಿನಗೊಂದು ಮಾತು ಹೇಳ್ತೀನಿ. ಸಿಟ್ಟಾಗಬ್ಯಾಡ," ಎಂದಳು ಮುದುಕಿ. "ಅಂವಾ ತೀರಿದ ವರ್ಷ ಈ ಬಲಿ ಇಲಿ ಕಡದಿತ್ತು. ನೀ ಹೆಣದಿ."

ನಾಗರತ್ನಾ ತಲೆಯೆತ್ತಿದಳು. ಅತ್ತೆ ನೊಂದುಕೊಳ್ಳಬಾರದೆಂದು, ಅವಳು ಸಂತೆಗೆ ಹೋದ ದಿನ, ಗಂಡನ ಗಂಟುಗಳನ್ನೇ ನೋಡಿ ನೋಡಿ ಹೆಣೆದಿದ್ದಳು. "ನಿಮಗ ಗೊತ್ತಿತ್ತೇನ್ರಿ ಅತ್ತಿ?"

"ಹಡದಾಕಿಗೆ ಗೊತ್ತಾಗೂದಿಲ್ಲೇನ? ಅಂವನ ಗಂಟು ಒರಟು. ನಿಂದು ಚಂದ."

"ಮತ್ತ ಒಂದ್ ಮಾತೂ ಅನ್ನಲಿಲ್ಲ."

"ಏನನ್ಲಿ? ಪ್ರೀತೀಲೇ ಹೆಣದಿದ್ದಿ. ಆದ್ರ ಆವತ್ತಿಂದ ಬಲಿ ಮ್ಯಾಲ ಕೈ ಇಟ್ರ, ಯಾವುದು ನನ್ನ ಮಗಂದು, ಯಾವುದು ನಿಂದು ಅಂತ ಹುಡುಕೂದ ಆಗೇತಿ ನೋಡು. ಹೇಳಿ ಹೆಣದಿದ್ರ ಆ ಕಡಿ ನಿನ್ನ ಪಾಲು ಅಂತ ಬಿಟ್ಟು, ಈ ಕಡಿ ಕೈ ಇಡ್ತಿದ್ನಿ. ಅಷ್ಟ."

ಅಷ್ಟು ಹೇಳಿ ಹೊಳಿಯವ್ವ ಒಲೆ ಹೊತ್ತಿಸಲು ಒಳಗೆ ಹೋದಳು. ಒಳಗಿನಿಂದ, "ಉಪ್ಪು ಎಲ್ಲಿಟ್ಟೀದಿ?" ಎಂದು ಕೇಳಿದಳು. ನಾಗರತ್ನಾ ಎದ್ದು ಹೋಗಿ ಉಪ್ಪಿನ ಗಡಿಗೆ ತೆಗೆದುಕೊಟ್ಟಳು.

ಮರುದಿನ ರಸೂಲಬಿ ಬ್ಯಾಡಗಿಯಿಂದ ನಿಶ್ಚಯದ ಸಿಹಿ ಕಟ್ಟಿಕೊಂಡು ಬಂದಿದ್ದಳು. ಸುದ್ದಿ ಕೇಳಿ ಸಿಹಿಯ ಡಬ್ಬಿಯನ್ನು ಮೇಜಿನ ಕೆಳಗಿಟ್ಟಳು. "ನಾ ಒಂದ್ ದಿನ ಇರಲಿಲ್ಲ ಅಂದ್ರ ಇಷ್ಟಾತು," ಎಂದು ತನ್ನನ್ನೇ ಬೈದುಕೊಂಡು, ಗೆಳತಿಯ ಮುಂದೆ ಹೊಸ ದಾರ ತೆಗೆದಿಟ್ಟಳು.

ಹುಡುಗಿಯ ಗಾಳವನ್ನು ಮುಟ್ಟುವ ಮುಂಚೆ ನಾಗರತ್ನಾ ಬೇರೆ ಗಾಳಗಳ ಮೇಲೆ ಕಟ್ಟಿ ನೋಡಿದಳು. ದಿಕ್ಕು ಉಲ್ಟಾ ಮಾಡುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಬೇರೆಯೇ. ಸುತ್ತುಗಳು ಒಂದರ ಪಕ್ಕ ಒಂದು ಅಚ್ಚುಕಟ್ಟಾಗಿ ಕೂತುಬಿಡುತ್ತಿದ್ದವು. ಗರಿ ಎದ್ದು ನಿಲ್ಲುತ್ತಿತ್ತು. ಮೂರು ಗಂಟು ಹಾಕಿದರೂ ಮೂರೂ ಸೇರಿ ಒಂದೇ ಸಣ್ಣ ಗಂಟಿನಂತೆ ಕಾಣುತ್ತಿದ್ದವು. ಬೇಕೆಂದೇ ಕೆಡಿಸಿದರೆ ಕೆಡಿಸಿದ್ದು ಎಂದು ತಿಳಿಯುತ್ತಿತ್ತು. ಐದು ಸಲ ಕಟ್ಟಿದಳು, ಐದೂ ಚಂದವಾದವು. ಕೆಟ್ಟದಾಗಿ ಕಟ್ಟಲು ಆ ಕೈಗೆ ಬರುತ್ತಲೇ ಇರಲಿಲ್ಲ.

"ಎಡಗೈಲೆ ಕಟ್ಟಿ ನೋಡು," ಎಂದಳು ರಸೂಲಬಿ.

ನಾಗರತ್ನಾಳ ಎಡಗೈ ಹತ್ತೊಂಬತ್ತು ವರ್ಷ ಬಲಗೈಗೆ ವಸ್ತು ಎತ್ತಿಕೊಟ್ಟದ್ದು ಬಿಟ್ಟರೆ ಬೇರೇನೂ ಮಾಡಿದ್ದಿಲ್ಲ. ವೈಸನ್ನು ತಿರುಗಿಸಿ, ಗಾಳದ ಮುಖ ಎಡಕ್ಕೆ ಮಾಡಿ, ದಾರವನ್ನು ಎಡಗೈಗೆ ಕೊಟ್ಟಳು. ಅದು ತಡವರಿಸಿತು, ಸುತ್ತು ಸುತ್ತಿನ ಮೇಲೆ ಹತ್ತಿತು, ಗರಿಯ ಎಳೆಗಳು ದಾರದಡಿ ಸಿಕ್ಕವು. ಬೆಳಿಗ್ಗೆಯಿಂದ ಬಾರದೆ ಇದ್ದದ್ದು ತಾನಾಗಿ ಬಂತು. ಆಮೇಲೆ ಹುಡುಗಿಯ ಗಾಳವನ್ನೇ ವೈಸಿಗೆ ಕಚ್ಚಿಸಿ, ಅವಳದೇ ಗರಿ, ಅವಳದೇ ತುಪ್ಪಳ, ಅವಳದೇ ಕೂದಲು ಹಾಕಿ ಕಟ್ಟಿದಳು. ದಾರ ಮಾತ್ರ ಹೊಸದು. ಊಟಕ್ಕೂ ಏಳಲಿಲ್ಲ. ಮೂರನೆಯ ಗಂಟು ಹಾಕಿದಾಗ ಬೆನ್ನೆಲ್ಲ ಬೆವರಿತ್ತು.

ಮನೋಹರ ಫೋಟೊ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದ. ಹಿಂದಿನ ದಿನದಿಂದ ಬಿಗಿದುಕೊಂಡಿದ್ದ ಅವನ ಮುಖ ಸಡಿಲವಾಯಿತು.

"ಖರೇ ಹೇಳ್ತೀನಿ ಅಕ್ಕಾರ, ಹೆತ್ತಪ್ಪಗೂ ಗೊತ್ತಾಗೂದಿಲ್ಲ."

"ಗೊತ್ತಾಗೂದಿಲ್ಲ ಅಂತನ ಹೇಳಾಕತ್ತೇನ್ರಿ. ನೀವು ಬರೀರಿ ಅವರಿಗೆ. ಬಿಚ್ಚಿದ್ದು ನಾ, ಕಟ್ಟಿದ್ದೂ ನಾ ಅಂತ."

ಮನೋಹರ ತಬ್ಬಿಬ್ಬಾದ. "ಯಾಕರಿ? ಅವರಿಗೆ ದುಃಖ ಆಗೂದ ಬ್ಯಾಡಂತಲ್ಲ ಇಷ್ಟೆಲ್ಲ ಮಾಡಿದ್ದು?"

"ಅಂವಾ ಇದನ್ನ ಕೈಯಾಗ ಹಿಡ್ಕೊಂಡು ಮಗಳ ಕೈ ಅಂದ್ಕೋತಾನ್ರಿ. ಅದು ನನ್ನ ಕೈ. ದಿನಾ ನನ್ನ ಕೈ ಹಿಡ್ಕೊಂಡು ಅಳ್ತಾನ. ಅದು ಮೋಸ ಅಲ್ಲೇನು?"

"ಬರದ್ರ ಗಿರಾಕಿ ಹೋಗ್ತಾನ. ಅಂವಾ ಒಬ್ಬನ ಅಲ್ಲ, ಅಂವನ ಮಾತು ಕೇಳಿ ಇನ್ನ ನಾಕು ಅಂಗಡಿಯವರು ನಮ್ಮ ಕಡಿ ತಗೋತಾರ."

ರಸೂಲಬಿ ಎದ್ದು ನಿಂತಳು. "ನಿನ್ನ ಮನಸ್ಸು ಹಗುರ ಆಗಾಕ ಹನ್ನೆರಡು ಮಂದಿ ಕೂಳು ಹೋಗ್ಬೇಕೇನು ನಾಗಿ? ನಾಳೆ ನಾವೆಲ್ಲಿ ಹೋಗೋಣು? ಮತ್ತ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗೂನೇನು? ಒಂದ್ ವರ್ಷ ನಿನ್ನ ಕಣ್ಣಾಗಿ ಕುಂತೇನಿ ನಾ, ದಿನಾ ಬಣ್ಣ ಹೇಳಿಕೊಟ್ಟು. ಅದಕ್ಕ ಇದು ಫಲ?"

ಮಾತು ಆಡಿ ಮುಗಿದ ಮೇಲೆ ಅವಳಿಗೆ ಏನಾಡಿದೆನೆಂದು ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮನೋಹರ ಅವಳನ್ನು ಬಿಟ್ಟು ನಾಗರತ್ನಾಳ ಕಡೆ ತಿರುಗಿದ. ಅವಳ ಕಣ್ಣುಗಳನ್ನು ಅವನು ಮೊದಲ ಸಲ ನೋಡುವವನಂತೆ ನೋಡಿದ.

"ಅದಕ್ಕ ಚೀಟಿ ಕಾಣಲಿಲ್ಲೇನ್ರಿ?"

"ಹೌದ್ರಿ ಅಣ್ಣಾರ."

ವರ್ಷಾವಧಿ ಅಂಜಿದ್ದ ಗಳಿಗೆ ಬಂದೇಬಿಟ್ಟಿತ್ತು. ಬಂದ ಮೇಲೆ ಅದರಲ್ಲಿ ಅಂಜುವಂಥದ್ದೇನೂ ಉಳಿದಿರಲಿಲ್ಲ, ಬರೀ ದುಃಖವಿತ್ತು. ರಸೂಲಬಿಯ ಮೇಲೆ ಸಿಟ್ಟು ಬರಬಹುದೆಂದು ನಾಗರತ್ನಾ ಸ್ವಲ್ಪ ಹೊತ್ತು ಕಾದಳು, ಬರಲಿಲ್ಲ.

ಅವಳು ನೋಟ್‌ಬುಕ್ಕಿನ ಹಾಳೆ ಹರಿದು, ಮುಖವನ್ನು ಓರೆ ಮಾಡಿ ಕಣ್ಣಂಚಿನಿಂದ ನೋಡುತ್ತ, ಒಂದೊಂದು ಅಕ್ಷರವನ್ನೂ ಹೆಬ್ಬೆರಳಿನಷ್ಟು ದೊಡ್ಡದಾಗಿ ಬರೆದಳು: ನಿಮ್ಮ ಮಗಳು ಕಟ್ಟಿದ್ದನ್ನು ನಾನು ಬಿಚ್ಚಿದೆ. ಈಗ ಇರುವುದು ನಾನು ಕಟ್ಟಿದ್ದು. ಅವಳ ದಾರ ಈ ಹಾಳೆಯಲ್ಲಿ ಇದೆ. ಅವಳು ಎಡಗೈಯಿಂದ ಕಟ್ಟಿದ್ದಳು, ನಾನೂ ಎಡಗೈಯಿಂದ ಕಟ್ಟಿದ್ದೇನೆ. ತಪ್ಪಾಯಿತು. ಕೆಳಗೆ ತನ್ನ ಹೆಸರು ಬರೆದಳು. ದಾರದ ಮೂರು ತುಂಡುಗಳನ್ನು ಹಾಳೆಯಲ್ಲಿ ಮಡಿಸಿ ಮನೋಹರನ ಮೇಜಿನ ಮೇಲಿಟ್ಟಳು.

"ಹಾಕೂದು ಬಿಡೂದು ನಿಮಗ ಬಿಟ್ಟದ್ದು. ನಾ ಬರ್ತೀನ್ರಿ," ಎಂದು ಚೀಲ ಹೆಗಲಿಗೇರಿಸಿದಳು.

"ಗರಿ ಆರಿಸೂ ಕೆಲಸ ಮಾಡಬಹುದಲ್ರಿ ಅಕ್ಕಾರ," ಎಂದ ಮನೋಹರ. ಗರಿ ಆರಿಸುವುದು ಬಣ್ಣ ನೋಡಿಯೇ ಎಂದು ಅವನಿಗೇ ಆಮೇಲೆ ನೆನಪಾಯಿತು.

ಎರಡು ತಿಂಗಳು ನಾಗರತ್ನಾ ಮನೆಯಲ್ಲಿದ್ದಳು. ಹೊಳಿಯವ್ವ ಹೆಣೆಯುವ ಬಲೆಗಳಿಗೆ ನೂಲು ಸುತ್ತಿಕೊಡುತ್ತಿದ್ದಳು, ಮೀನು ಹಸನು ಮಾಡುತ್ತಿದ್ದಳು, ಮುಳ್ಳು ಚುಚ್ಚಿಸಿಕೊಳ್ಳುತ್ತಿದ್ದಳು. ಮನೋಹರ ಚೀಟಿ ಹಾಕಿದನೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಧೈರ್ಯ ಆಗಲಿಲ್ಲ. ರಸೂಲಬಿಯಿಂದ ಒಂದು ಫೋನೂ ಬರಲಿಲ್ಲ. ಹಬ್ಬದ ದಿನವೂ ಬರಲಿಲ್ಲ ಎಂಬುದು ಅವಳಿಗೆ ಬಹಳ ನೋವು ಕೊಟ್ಟಿತು. ಬೆಳಿಗ್ಗೆ ಏಳೂವರೆಯ ಬಸ್ಸು ಊರು ಬಿಡುವ ಸದ್ದು ಕೇಳಿದಾಗ ಕೈಗಳು ತಾವಾಗಿ ಏನನ್ನೋ ಹುಡುಕುತ್ತಿದ್ದವು.

ಒಂದು ಬುಧವಾರ ಫೋನು ಬಂತು. "ಬಾ," ಎಂದಳು ರಸೂಲಬಿ. ದನಿ ಒರಟಾಗಿತ್ತು. "ಕಾಗದ ಬಂದೈತಿ. ಅಣ್ಣಾರು ಕರದಾರ. ಲಗೂನ ಬಾ."

ಶೆಡ್ಡಿನಲ್ಲಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿದ್ದರು. ಅವಳ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ರಸೂಲಬಿ ಅದರ ಮೇಲಿನ ಗರಿಯ ಡಬ್ಬಿಗಳನ್ನು ತೆಗೆದು ಕೆಳಗಿಟ್ಟಳು. ನಾಗರತ್ನಾ ಕೂತಳು.

"ಚೀಟಿ ಹಾಕಿದ್ನಿರಿ ಅಕ್ಕಾರ," ಎಂದ ಮನೋಹರ. "ಎರಡು ದಿನ ಮೇಜಿನ ಮ್ಯಾಲ ಇಟ್ಕೊಂಡು ಕುಂತಿದ್ದೆ. ಆಮ್ಯಾಲ ಹಾಕಿದ್ನಿ."

ಅವನು ಓದಿ ಹೇಳಿದ. ಆ ತಂದೆ ಪೊಟ್ಟಣ ಬಿಡಿಸಿ, ದಾರದ ತುಂಡುಗಳನ್ನೂ ತಿಳಿಯದ ಲಿಪಿಯ ಹಾಳೆಯನ್ನೂ ಕಂಡು, ಫೋನಿನಲ್ಲಿ ಅದರ ಅರ್ಥ ಓದಿಕೊಂಡಿದ್ದ. ಹತ್ತು ದಿನ ಅದನ್ನು ಮತ್ತೆ ಮುಟ್ಟಲಿಲ್ಲವಂತೆ. ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ ಎಂದು ಬರೆದಿದ್ದ. ಕಟ್ಟಿಕಳಿಸಿದ ಐವತ್ತು ಡಜನ್ ತಲುಪಿವೆ, ಅವನ್ನು ಮಾರಲು ಮನಸ್ಸು ಬರುತ್ತಿಲ್ಲ. ಇನ್ನು ಮುಂದೆ ನಿಮ್ಮಲ್ಲಿ ತರಿಸುವುದೂ ಇಲ್ಲ, ಕ್ಷಮಿಸಿ. ಇದನ್ನು ಮನೋಹರ ಮರೆಮಾಚದೆ ಓದಿದ. ಹೆಂಗಸರಲ್ಲಿ ಯಾರೋ ಉಸಿರು ಬಿಟ್ಟದ್ದು ಕೇಳಿಸಿತು. ನಾಗರತ್ನಾ ತಲೆ ತಗ್ಗಿಸಿದಳು.

"ಇನ್ನೂ ಐತಿ," ಎಂದ ಮನೋಹರ. "ಇದು ನಿಮಗ ಅಂತ ಬರದಾರ."

ನನ್ನ ಮಗಳು ಎಡಗೈಯವಳೆಂದು ನಾನು ನಿಮಗೆ ತಿಳಿಸಿರಲಿಲ್ಲ. ಆ ನೊಣ ಕಟ್ಟಿದ ದಿನ ನಾನು ಅಂಗಡಿಯಲ್ಲಿದ್ದೆ. ಅವಳು ಅಡುಗೆಮನೆಯ ಮೇಜಿನ ಮೇಲೆ ಒಬ್ಬಳೇ ಕೂತು ಕಟ್ಟಿ, ಹೇಳದೆ ಕೇಳದೆ ನನ್ನ ಟೋಪಿಗೆ ಚುಚ್ಚಿಟ್ಟಿದ್ದಳು. ಅವಳು ಕಟ್ಟುವುದನ್ನು ಯಾರೂ ನೋಡಿಲ್ಲ. ಅದನ್ನು ಬಿಚ್ಚಿ ನೋಡಬೇಕೆಂದು ನನಗೂ ಎಷ್ಟೋ ಸಲ ಅನ್ನಿಸಿತ್ತು, ಕೈ ಬರಲಿಲ್ಲ. ಆ ಮಧ್ಯಾಹ್ನ ಅವಳ ಕೈ ಹೇಗೆ ಹೇಗೆ ಆಡಿತು ಎಂಬುದು ಈಗ ಲೋಕದಲ್ಲಿ ನಿಮಗೊಬ್ಬರಿಗೇ ಗೊತ್ತು. ಮೊದಲ ಸುತ್ತಿನಿಂದ ಕೊನೆಯ ಗಂಟಿನವರೆಗೆ, ಏನನ್ನೂ ಬಿಡದೆ ನನಗೆ ಹೇಳುವಿರಾ?

ಓದಿ ಮುಗಿಸಿ ಮನೋಹರ ಕನ್ನಡಕ ತೆಗೆದು ಒರೆಸಿಕೊಂಡ. ಕಂಪ್ಯೂಟರನ್ನು ಅವಳ ಮೇಜಿನ ಮೇಲೆ ತಂದಿಟ್ಟು, ಕೀಲಿಗಳ ಮೇಲೆ ಬೆರಳಿಟ್ಟು ಕೂತ. "ಹೇಳ್ರಿ ಅಕ್ಕಾರ."

ನಾಗರತ್ನಾ ಕಣ್ಣು ಮುಚ್ಚಿದಳು. ತೆರೆದಿದ್ದರೂ ಹೆಚ್ಚೇನೂ ಕಾಣುತ್ತಿರಲಿಲ್ಲ. ವೈಸಿನಲ್ಲಿ ಗಾಳವಿಲ್ಲ, ಕೈಯಲ್ಲಿ ದಾರವಿಲ್ಲ. ಎಡಗೈ ಮೇಲೆದ್ದಿತು.

"ಗಾಳದ ಕಣ್ಣಿನ ಹಂತೇಲೆ ಸುರು ಮಾಡ್ಯಾಳ್ರಿ. ಮೊದಲ ಎರಡು ಸುತ್ತು ಜಾರ್ಯಾವು. ಮೂರನೇದಕ್ಕ ಹಿಡಿತ ಬಂದೈತಿ. ಅಲ್ಲಿಂದ ಬಾಲದ ತನ ಬರಾಬರ ಹೋಗ್ಯಾಳ. ಬಾಲಕ್ಕ ಗರಿ ಇಟ್ಟು ನಾಕು ಸುತ್ತು, ಭಾಳ ಬಿಗಿ. ಹಲ್ಲು ಕಚ್ಚಿ ಎಳದಾಳ ಅನಸ್ತದ. ಅಲ್ಲೇ ಕೂದಲನೂ ಹಚ್ಚಿ ಬಿಟ್ಟಾಳ, ಆಮ್ಯಾಲ ಸುತ್ತಾಕ. ತುಪ್ಪಳ ಮೊದಲ ಭಾಳ ಹಾಕ್ಯಾಳ, ತಗದು ಕಡಿಮಿ ಮಾಡ್ಯಾಳ. ಬಿಟ್ಟ ಎಳಿ ಒಳಗ ಅದಾವು."

ಮನೋಹರ ಬರೆಯುತ್ತಿದ್ದ. ರಸೂಲಬಿ ತನ್ನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನಾಗರತ್ನಾಳ ಎಡಗೈ ಗಾಳಿಯಲ್ಲಿ ಸುತ್ತುತ್ತಲೇ ಇತ್ತು, ತಡವರಿಸುತ್ತ, ಒಮ್ಮೆ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತ.

"ಮೈ ಮ್ಯಾಲ ಒಂದು, ಎರಡು, ಮೂರು..." ಅವಳು ಎಣಿಸಿದಳು. "ಏಳನೇ ಸುತ್ತಿಗೆ ದಾರ ಸಡ್ಲ ಐತ್ರಿ."

"ಸಡ್ಲ ಅಂದ್ರ?"

"ಕೈ ಬಿಟ್ಟು ಎದ್ದಾಳ. ಯಾರೋ ಕರದಿರಬೇಕು. ಉಣ್ಣಾಕ ಕರದಿರಬೇಕು."

ಮನೋಹರನ ಬೆರಳು ನಿಂತವು. "ಅದನ್ನೂ ಬರೀಲೇನ್ರಿ?"

"ಬರೀರಿ. ಏನೂ ಬಿಡಬ್ಯಾಡ ಅಂದಾರಲ್ಲ."

ಅವನು ಬರೆದ. ಏಳನೆಯ ಸುತ್ತಿನಲ್ಲಿ ನಾಗರತ್ನಾಳ ಎಡಗೈ ಹಾಗೆಯೇ ಮೇಲೆ ನಿಂತಿತ್ತು. ಹುಡುಗಿ ಉಂಡು ತಿರುಗಿ ಬಂದು ಕೂರುವವರೆಗೆ ಅವಳು ಅದನ್ನು ಇಳಿಸಲಿಲ್ಲ.